ಕೆಳಗೆ ಇಳಿದರೂ ಹೆಡಿಂಗ್ ಕಣ್ಮುಂದೆಯೇ ಇರಲಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇವೆ. ಉದ್ದದ ಟೇಬಲ್. ಕೆಳಗೆ ಸ್ಕ್ರೋಲ್ ಮಾಡಿದರೆ ಕಾಲಮ್ಮುಗಳ ಹೆಸರು ಮೇಲೆ ಹೋಗಿ ಮರೆಯಾಗುತ್ತದೆ, ಆಮೇಲೆ ಯಾವ ಅಂಕಿ ಯಾವುದರದ್ದು ಅಂತ ತಿಳಿಯುವುದಿಲ್ಲ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಇದೇ ದೂರು ಬಂದಿದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ಸಲದ ಪುಟವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮ ಮಾವನವರ ಹೋಟೆಲ್ ಇದೆ. ಖರೀದಿ ಬಿಲ್ಲುಗಳನ್ನು ಬರೆದಿಡಲು ನಾನೇ ಒಂದು ವೆಬ್ ಆ್ಯಪ್ ಮಾಡಿಕೊಟ್ಟೆ. ತಿಂಗಳಿಗೆ 400 ಸಾಲು ಆಗುತ್ತದೆ. ಸ್ವಲ್ಪ ಕೆಳಗೆ ಹೋದರೆ ಹೆಡಿಂಗ್ ಕಾಣುವುದಿಲ್ಲ ಅಂತ ಮ್ಯಾನೇಜರ್ ದಿನಾ ಹೇಳುತ್ತಾರೆ. ಯಾವುದಾದರೂ ಪ್ಲಗಿನ್ ಹಾಕಬೇಕಾ?
— ಓದುಗರು, ಮುಲುಂಡ್

ಉತ್ತರ: ಪ್ಲಗಿನ್ ಬೇಡ. ಆದರೆ ಮ್ಯಾನೇಜರ್ ಹೇಳುವುದನ್ನು ಮಾತ್ರ ಸಣ್ಣ ವಿಷಯ ಅಂತ ಬಿಡಬೇಡಿ.

ಇಂಥದ್ದೇ ಒಂದು ಹೋಟೆಲಿನ ಲೆಕ್ಕದ ಕೋಣೆಯಲ್ಲಿ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಅಡುಗೆಮನೆ ಹಿಂದೆ ಒಂದು ಮೇಜು, ಒಂದು ಹಳೇ ಮಾನಿಟರ್. ಲೆಕ್ಕ ನೋಡುವವರು ಕ್ಯಾಲೆಂಡರಿನ ಹಿಂಬದಿಯಿಂದ ಒಂದು ಉದ್ದನೆ ಪಟ್ಟಿ ಕತ್ತರಿಸಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ‘ದಿನಾಂಕ, ಅಂಗಡಿ, ಮೊತ್ತ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ’ ಅಂತ ಬರೆದು, ಸೆಲೋಟೇಪಿನಲ್ಲಿ ಪರದೆಯ ಮೇಲ್ತುದಿಗೆ ಅಂಟಿಸಿದ್ದರು. ಯಾಕೆ ಅಂತ ಕೇಳಿದೆ. ವಾಶಿ ಮಾರ್ಕೆಟ್ಟಿನಿಂದ ಬಂದ ಎಣ್ಣೆ ಡಬ್ಬದ ಬಿಲ್ಲಿನಲ್ಲಿ ತೆರಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಪಾಲಾಗುತ್ತದೆ, ಚಿಕ್ಕಮಗಳೂರಿನಿಂದ ಬಂದ ಕಾಫಿಪುಡಿಗೆ ರಾಜ್ಯ ದಾಟಿ ಬಂದಿದ್ದರಿಂದ ಪೂರ್ತಿ ಐಜಿಎಸ್‌ಟಿ. ಇನ್ನೂರನೇ ಸಾಲಿನಲ್ಲಿ ಹೆಡಿಂಗ್ ಇಲ್ಲದೆ ಕೂತರೆ ಐಜಿಎಸ್‌ಟಿಯ ಅಂಕಿ ಪಕ್ಕದ ಕಾಲಮ್ಮಿಗೆ ಬಿದ್ದುಬಿಡುತ್ತದೆ. ಒಂದು ಸಲ ಹಾಗೆ ಬಿದ್ದಿತ್ತು, ಮೂರು ರಾತ್ರಿ ಕೂತು ಹುಡುಕಿದ್ದೆವು ಅಂದರು. ಆ ಪಟ್ಟಿಯನ್ನು ನಾನು ಇನ್ನೂ ಮರೆತಿಲ್ಲ. ಅವರು ಸೆಲೋಟೇಪಿನಲ್ಲಿ ಮಾಡಿಕೊಂಡಿದ್ದನ್ನು ನಾವು ಪುಟದ ರೂಪ ಹೇಳುವ ಭಾಷೆಯಾದ ಸಿಎಸ್ಎಸ್‌ನಲ್ಲಿ ಮಾಡಬೇಕು, ಅಷ್ಟೇ.

ನಿಮ್ಮ ಟೇಬಲ್ಲಿನಲ್ಲಿ ಹೆಡಿಂಗ್ ಮನೆಗಳು (ಸೆಲ್ಲುಗಳು) ಹೆಡಿಂಗಿಗೆಂದೇ ಇರುವ ಟಿಎಚ್ ಟ್ಯಾಗಿನಲ್ಲಿವೆ ಅಂದುಕೊಳ್ಳುತ್ತೇನೆ. ಮಾಮೂಲಿ ಮನೆಯ ಟಿಡಿ ಟ್ಯಾಗಿನಲ್ಲಿ ಬರೆದು ಬೋಲ್ಡ್ ಮಾಡಿದ್ದರೆ ಮೊದಲು ಅದನ್ನು ಬದಲಿಸಿ. ಆಮೇಲೆ ಆ ಟಿಎಚ್‌ಗಳಿಗೆ ಮೂರು ಗುಣ ಕೊಡಿ. ಒಂದು, ಪೊಸಿಷನ್: ಸ್ಟಿಕಿ. ಇನ್ನೊಂದು, ಟಾಪ್: 0. ಮೂರನೆಯದು, ಬ್ಯಾಕ್‌ಗ್ರೌಂಡ್‌ಗೆ ಯಾವುದಾದರೂ ಗಟ್ಟಿ ಬಣ್ಣ. ಟಾಪ್ ಬರೆಯದಿದ್ದರೆ ಸ್ಟಿಕಿ ಇದ್ದೂ ಇಲ್ಲದ ಹಾಗೆ, ಎಲ್ಲಿ ಅಂಟಿಕೊಳ್ಳಬೇಕು ಅಂತ ಬ್ರೌಸರಿಗೆ ಹೇಳುವುದೇ ಅದು. ಬಣ್ಣ ಕೊಡದಿದ್ದರೆ ಹೆಡಿಂಗ್ ಮೇಲೆಯೇ ನಿಲ್ಲುತ್ತದೆ, ಆದರೆ ಕೆಳಗಿನ ಸಾಲುಗಳು ಅದರ ಹಿಂದಿನಿಂದ ಹಾದುಹೋಗುವಾಗ ಅಕ್ಷರದ ಮೇಲೆ ಅಕ್ಷರ ಬಿದ್ದು ಎರಡೂ ಓದಲಿಕ್ಕಾಗದ ಹಾಗೆ ಆಗುತ್ತದೆ. ನಿಮ್ಮ ಆ್ಯಪಿನ ನೆತ್ತಿಯಲ್ಲಿ ಹೋಟೆಲಿನ ಹೆಸರಿನ ಪಟ್ಟಿಯೊಂದು ಯಾವಾಗಲೂ ನಿಂತಿರುತ್ತದೆಯಾ? ಅದರ ಎತ್ತರ 56 ಪಿಕ್ಸೆಲ್ ಇದ್ದರೆ ಟಾಪ್ ಕೂಡ 0 ಅಲ್ಲ, 56 ಪಿಕ್ಸೆಲ್. ಇಲ್ಲದಿದ್ದರೆ ಹೆಡಿಂಗ್ ಅದರ ಹಿಂದೆ ಅಡಗಿ ಕೂರುತ್ತದೆ, ನೀವು ಕೆಲಸವೇ ಮಾಡುತ್ತಿಲ್ಲ ಅಂದುಕೊಳ್ಳುತ್ತೀರಿ.

ಹಳೇ ಲೇಖನಗಳಲ್ಲಿ ‘ಟಿಹೆಡ್‌ಗೆ ಸ್ಟಿಕಿ ಹಾಕಬೇಡಿ, ಟಿಎಚ್‌ಗೇ ಹಾಕಿ’ ಅಂತ ಓದಿರುತ್ತೀರಿ (ಟಿಹೆಡ್ ಅಂದರೆ ಹೆಡಿಂಗಿನ ಸಾಲುಗಳನ್ನೆಲ್ಲ ಸುತ್ತುವ ಟ್ಯಾಗ್, ಟಿಆರ್ ಅಂದರೆ ಒಂದು ಸಾಲು). ಅದು ಆಗ ನಿಜವಾಗಿತ್ತು. ಕ್ರೋಮ್‌ನಲ್ಲಿ ಸ್ಟಿಕಿ 2017ರ 56ನೇ ಆವೃತ್ತಿಯಲ್ಲಿ ಬಂದರೂ ಟಿಹೆಡ್, ಟಿಆರ್‌ಗಳ ಮೇಲೆ ಅದು ನಡೆಯುತ್ತಿರಲಿಲ್ಲ. ಟೇಬಲ್ ಹಾಕುವ ಕೋಡನ್ನೇ ಅವರು ಹೊಸದಾಗಿ ಬರೆದು 2021ರಲ್ಲಿ 91ನೇ ಆವೃತ್ತಿಯಲ್ಲಿ ಬಿಟ್ಟ ಮೇಲೆ ಟಿಹೆಡ್‌ಗೂ ಹಾಕಬಹುದಾಯಿತು. ನಿಮ್ಮದು ಒಂದೇ ಸಾಲಿನ ಹೆಡಿಂಗ್ ಆಗಿರುವುದರಿಂದ ಯಾವುದಾದರೂ ಸರಿ. ಹೋಟೆಲಿನ ಕಂಪ್ಯೂಟರ್ ಹಳೆಯದಾಗಿದ್ದರೆ ಟಿಎಚ್ ದಾರಿಯೇ ವಾಸಿ.

ಪ್ರಶ್ನೆ: ಹಿಂಜವಾಡಿಯ ಒಂದು ಕಂಪನಿಯಲ್ಲಿ ಕೆಲಸ. ಸ್ಟಿಕಿ ಹಾಕಿದ್ದೇನೆ, ಟಾಪ್ 0 ಇದೆ, ಬಣ್ಣ ಇದೆ. ಬ್ರೌಸರಿನ ಡೆವ್‌ಟೂಲ್ಸ್‌ನಲ್ಲಿ (ಪುಟದ ಒಳಗಿನ ಕೋಡ್ ತೋರಿಸುವ ಕಿಟಕಿ) ನೋಡಿದರೆ ಎಲ್ಲ ಸರಿಯಾಗಿ ಹತ್ತಿದೆ. ಆದರೂ ಹೆಡಿಂಗ್ ಓಡಿಹೋಗುತ್ತದೆ. ಎರಡು ದಿನದಿಂದ ತಲೆ ಕೆಟ್ಟಿದೆ.
— ಓದುಗರು, ಪುಣೆ

ಉತ್ತರ: ನಿಮ್ಮ ತಪ್ಪು ಟೇಬಲ್ಲಿನಲ್ಲಿ ಇಲ್ಲ. ಅದರ ಹೊರಗೆ, ಅದನ್ನು ಸುತ್ತಿರುವ ಯಾವುದೋ ಡಿವ್ ಅನ್ನುವ ಪೆಟ್ಟಿಗೆಯಲ್ಲಿದೆ. ಇಲ್ಲಿಗೆ ಬರುವ ಹತ್ತು ದೂರುಗಳಲ್ಲಿ ಎಂಟೊಂಬತ್ತು ಇದೇ ಇರುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೋಕಲ್ ಟ್ರೈನಿನಲ್ಲಿ ಮೇಲೆ ನೇತಾಡುವ ಹಿಡಿಕೆ ಇರುತ್ತದಲ್ವಾ, ಅದನ್ನು ನೆನಪಿಸಿಕೊಳ್ಳಿ. ಒಬ್ಬ ಹಿಡಿಕೆ ಹಿಡಿದು ಅಲ್ಲಾಡದೆ ನಿಂತಿದ್ದಾನೆ. ಡಬ್ಬಿಯೊಳಗೆ ನೋಡಿದರೆ ಅವನು ನಿಂತಲ್ಲೇ ಇದ್ದಾನೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡುವವರಿಗೆ ಮಾತ್ರ ಡಬ್ಬಿಯ ಜೊತೆ ಅವನೂ ಮುಂದೆ ಹೋಗಿಬಿಡುತ್ತಾನೆ. ಸ್ಟಿಕಿ ಹೆಡಿಂಗ್ ಕೂಡ ಹೀಗೇ. ಅದು ಪರದೆಗೆ ಅಂಟಿಕೊಳ್ಳುವುದಿಲ್ಲ. ತನ್ನ ಮೇಲೆ ಇರುವ ಪೆಟ್ಟಿಗೆಗಳಲ್ಲಿ ಓವರ್‌ಫ್ಲೋ (ಒಳಗೆ ಹಿಡಿಸದೆ ಹೊರಗೆ ಚಾಚಿದ್ದನ್ನು ಏನು ಮಾಡಬೇಕು ಅನ್ನುವ) ಗುಣಕ್ಕೆ ಹಿಡನ್, ಆಟೋ ಅಥವಾ ಸ್ಕ್ರೋಲ್ ಅಂತ ಬರೆದಿರುವ, ತನಗೆ ಎಲ್ಲಕ್ಕಿಂತ ಹತ್ತಿರದ ಪೆಟ್ಟಿಗೆ ಯಾವುದೋ ಅದರ ಹಿಡಿಕೆ ಹಿಡಿಯುತ್ತದೆ. ಆ ಪೆಟ್ಟಿಗೆ ನಿಜವಾಗಿ ಸ್ಕ್ರೋಲ್ ಆಗುತ್ತಿದೆಯಾ ಇಲ್ಲವಾ ಅಂತ ನೋಡುವುದೇ ಇಲ್ಲ. ನಿಮ್ಮಲ್ಲಿ ಪೆಟ್ಟಿಗೆ ಸುಮ್ನೆ ನಿಂತಿದೆ, ಸ್ಕ್ರೋಲ್ ಆಗುತ್ತಿರುವುದು ಇಡೀ ಪುಟ. ಹೆಡಿಂಗ್ ಹಿಡಿಕೆ ಬಿಟ್ಟಿಲ್ಲ, ಪೆಟ್ಟಿಗೆಯೇ ಮೇಲಕ್ಕೆ ಹೊರಟಿದೆ.

ಈ ಪೆಟ್ಟಿಗೆ ಎಲ್ಲಿಂದ ಬರುತ್ತದೆ? ಬೂಟ್‌ಸ್ಟ್ರ್ಯಾಪ್ ಅನ್ನುವ ಸಿದ್ಧ ಸಿಎಸ್ಎಸ್ ಕಟ್ಟನ್ನು ಬಳಸುವವರು ಟೇಬಲ್ಲಿನ ಸುತ್ತ ‘ಟೇಬಲ್-ರೆಸ್ಪಾನ್ಸಿವ್’ ಅಂತ ಒಂದು ಕ್ಲಾಸ್ ಹಾಕುತ್ತಾರೆ. ಅದರೊಳಗೆ ಇರುವುದು ಓವರ್‌ಫ್ಲೋ-ಎಕ್ಸ್: ಆಟೋ. ಅಡ್ಡಕ್ಕೆ ಮಾತ್ರ ಅಂತ ಬರೆದಿದ್ದರೂ ಸಿಎಸ್ಎಸ್ ನಿಯಮದ ಪ್ರಕಾರ ಒಂದು ದಿಕ್ಕು ಆಟೋ ಆದರೆ ಇನ್ನೊಂದು ದಿಕ್ಕು ವಿಸಿಬಲ್ ಆಗಿ ಉಳಿಯುವ ಹಾಗಿಲ್ಲ, ಅದೂ ಆಟೋ ಆಗುತ್ತದೆ. ಅಲ್ಲಿಗೆ ಹಿಡಿಕೆ ಸಿಕ್ಕಿತು. ಇನ್ನೊಂದು ಸಾಮಾನ್ಯ ಜಾಗ, ಇಡೀ ಆ್ಯಪನ್ನು ಸುತ್ತಿರುವ ಡಿವ್‌ಗೆ ಯಾರೋ ಯಾವತ್ತೋ ಹಾಕಿಟ್ಟ ಓವರ್‌ಫ್ಲೋ-ಎಕ್ಸ್: ಹಿಡನ್. ಮೊಬೈಲಿನಲ್ಲಿ ಪುಟ ಅಡ್ಡಡ್ಡ ಅಲ್ಲಾಡುತ್ತಿತ್ತು, ಅದನ್ನು ನಿಲ್ಲಿಸಲಿಕ್ಕೆ ಹಾಕಿದ್ದು. ಬಾಡಿ ಟ್ಯಾಗ್ ಒಂದಕ್ಕೇ ಹಾಕಿದ್ದರೆ ತೊಂದರೆ ಇಲ್ಲ, ಅದು ಪರದೆಗೇ ಸೇರಿಹೋಗುತ್ತದೆ. ಬಾಡಿ, ಎಚ್‌ಟಿಎಂಎಲ್ ಎರಡಕ್ಕೂ ಹಾಕಿದ್ದರೆ ಕೆಟ್ಟಿತು.

ಹುಡುಕುವುದು ಹೇಗೆ? ಡೆವ್‌ಟೂಲ್ಸ್‌ನಲ್ಲಿ ಟಿಎಚ್ ಆರಿಸಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಮೇಲೆ ಹತ್ತಿ. ಪ್ರತಿ ಮೆಟ್ಟಿಲಲ್ಲೂ ಕಂಪ್ಯೂಟೆಡ್ ಭಾಗದಲ್ಲಿ ಓವರ್‌ಫ್ಲೋ ನೋಡಿ. ಸ್ಟೈಲ್ಸ್ ಭಾಗದಲ್ಲಿ ಅಲ್ಲ, ಕಂಪ್ಯೂಟೆಡ್‌ನಲ್ಲಿ, ಯಾಕಂದರೆ ಮೇಲೆ ಹೇಳಿದ ಆಟೋ ಯಾರೂ ಬರೆಯದೇ ಬಂದಿರುತ್ತದೆ. ಹಿಡನ್, ಆಟೋ ಅಥವಾ ಸ್ಕ್ರೋಲ್ ಮೊದಲು ಎಲ್ಲಿ ಸಿಗುತ್ತದೋ ಅದೇ ಕಳ್ಳ. ಹದಿನೈದು ಮೆಟ್ಟಿಲು ಇದ್ದರೆ ಕೈಯಲ್ಲಿ ಹತ್ತಬೇಡಿ, ಕನ್ಸೋಲಿನಲ್ಲಿ ಪೇರೆಂಟ್ ಎಲಿಮೆಂಟ್ ಹಿಡಿದು ಮೇಲೆ ಹೋಗುವ ನಾಲ್ಕು ಸಾಲಿನ ಲೂಪ್ ಬರೆದು ಎಲ್ಲರ ಓವರ್‌ಫ್ಲೋ ಒಟ್ಟಿಗೆ ಪ್ರಿಂಟ್ ಮಾಡಿಸಿ.

ಸಿಕ್ಕ ಮೇಲೆ ಎರಡು ದಾರಿ. ಟೇಬಲ್ ಅಗಲದಲ್ಲಿ ಪರದೆಗೆ ಹಿಡಿಸುತ್ತದೆ ಅಂದರೆ ಆ ಓವರ್‌ಫ್ಲೋ ತೆಗೆದುಬಿಡಿ, ಪುಟದ ಸ್ಕ್ರೋಲಿಗೇ ಹೆಡಿಂಗ್ ಅಂಟುತ್ತದೆ. ಹಿಡನ್ ಬೇಕೇ ಬೇಕು ಅಂದರೆ ಅದರ ಜಾಗದಲ್ಲಿ ಕ್ಲಿಪ್ ಬರೆಯಿರಿ. ಅದು ಹೊರಗೆ ಚಾಚಿದ್ದನ್ನು ಕತ್ತರಿಸುತ್ತದೆ, ಆದರೆ ಹಿಡಿಕೆ ಕೊಡುವುದಿಲ್ಲ. ಕ್ರೋಮ್ 90, ಸಫಾರಿ 16ರಿಂದ ಈಚೆ ನಡೆಯುತ್ತದೆ. ಟೇಬಲ್ ಅಗಲವಾಗಿದ್ದರೆ ಇನ್ನೊಂದು ದಾರಿ ಹಿಡಿಯಿರಿ, ನನಗೆ ಇದೇ ಇಷ್ಟ. ಪೆಟ್ಟಿಗೆಯನ್ನು ಇರಲು ಬಿಟ್ಟು ಅದಕ್ಕೆ ಮ್ಯಾಕ್ಸ್-ಹೈಟ್ 70 ವಿಎಚ್ (ಪರದೆಯ ಎತ್ತರದ ಶೇ. 70), ಓವರ್‌ಫ್ಲೋ ಆಟೋ ಕೊಡಿ. ಈಗ ನಿಜವಾಗಿ ಸ್ಕ್ರೋಲ್ ಆಗುವುದು ಪೆಟ್ಟಿಗೆಯೇ. ಹೆಡಿಂಗ್ ಮೇಲೆ ನಿಲ್ಲುತ್ತದೆ, ಅಡ್ಡ ಸ್ಕ್ರೋಲ್ ಪಟ್ಟಿಯೂ ಪೆಟ್ಟಿಗೆಯ ಬುಡದಲ್ಲಿ ಕಣ್ಣಿಗೆ ಸಿಗುವ ಹಾಗೆ ಇರುತ್ತದೆ, ಅದಕ್ಕಾಗಿ ನಾನೂರನೇ ಸಾಲಿನವರೆಗೆ ಇಳಿಯಬೇಕಿಲ್ಲ. ಈ ದಾರಿಯಲ್ಲಿ ಟಾಪ್ 0 ಅಂತಲೇ ಇರಲಿ, ಲೆಕ್ಕ ಪೆಟ್ಟಿಗೆಯ ಒಳಗಿನಿಂದ.

ನಿಮ್ಮ ಪುಟ ಫ್ಲೆಕ್ಸ್ ಅನ್ನುವ ಜೋಡಣೆಯಲ್ಲಿ ಕಟ್ಟಿದ್ದು, ಮ್ಯಾಕ್ಸ್-ಹೈಟ್ ಬದಲು ‘ಉಳಿದ ಜಾಗ ಪೂರ್ತಿ ತುಂಬಿಕೋ’ ಅಂತ ಪೆಟ್ಟಿಗೆಗೆ ಹೇಳಿದ್ದೀರಾ? ಆಗ ಮಧ್ಯದ ಫ್ಲೆಕ್ಸ್ ಮಕ್ಕಳಿಗೆ ಮಿನ್-ಹೈಟ್: 0 ಕೊಡಬೇಕು. ಇಲ್ಲದಿದ್ದರೆ ಅವು ಒಳಗಿನ ಟೇಬಲ್ ಎಷ್ಟು ಉದ್ದವೋ ಅಷ್ಟು ಉದ್ದ ಬೆಳೆಯುತ್ತವೆ, ಪೆಟ್ಟಿಗೆ ಸ್ಕ್ರೋಲ್ ಆಗುವ ಪ್ರಸಂಗವೇ ಬರುವುದಿಲ್ಲ. ಎರಡು ದಿನ ಹೋಗುವುದು ಇಂಥ ಒಂದು ಸಾಲಿನಲ್ಲೇ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನು ಕನ್ನಡದಲ್ಲೇ ಮಾಡಿದ್ದೇವೆ. ಹೆಡಿಂಗ್ ಎರಡು ಅಂತಸ್ತಿನದು. ಮೇಲೆ ‘ವಾರ್ಷಿಕ ಶುಲ್ಕ’, ಅದರ ಕೆಳಗೆ ‘ಬಾಕಿ’, ‘ಸಂದಾಯ’, ‘ರಸೀದಿ ಸಂಖ್ಯೆ’. ಸ್ಟಿಕಿ ಹಾಕಿದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಎರಡನೇ ಸಾಲಿಗೆ ಟಾಪ್ 32 ಪಿಕ್ಸೆಲ್ ಕೊಟ್ಟೆ. ಇಂಗ್ಲಿಷ್‌ನಲ್ಲಿ ಸರಿ ಬಂತು, ಕನ್ನಡದಲ್ಲಿ ಕೆಟ್ಟಿತು.
— ಓದುಗರು, ಪಿಂಪ್ರಿ

ಉತ್ತರ: ಕನ್ನಡದಲ್ಲಿ ಮಾಡಿದ್ದೀರಿ ಅಂತ ಓದಿ ತುಂಬಾ ಖುಷಿಯಾಯಿತು. ಪ್ರಶ್ನೆಯೂ ಒಳ್ಳೆಯದು, ಯಾಕಂದರೆ ಇದು ಕನ್ನಡದಂಥ ಲಿಪಿಗಳಲ್ಲಿ ಕೆಲಸ ಮಾಡುವವರಿಗೆ ಬರುವ ತೊಂದರೆ.

‘ಸಂಖ್ಯೆ’, ‘ಮೊತ್ತ’, ‘ಶುಲ್ಕ’ ಮೂರರಲ್ಲೂ ಒತ್ತಕ್ಷರ ಇದೆ. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯ ಮೇಲೆ ನಿಂತುಬಿಡುತ್ತವೆ, ನಮ್ಮ ಒತ್ತು ಗೆರೆಯಿಂದ ಸಾಕಷ್ಟು ಕೆಳಗೆ ಇಳಿಯುತ್ತದೆ. ಅದಕ್ಕೆ ಸಾಲಿನ ಎತ್ತರ ಜಾಸ್ತಿ ಬೇಕು. ಪದಗಳೂ ಉದ್ದ, ಹಾಗಾಗಿ ‘ರಸೀದಿ ಸಂಖ್ಯೆ’ ಎರಡು ಸಾಲಾಗಿ ಮುರಿಯುತ್ತದೆ. 32 ಪಿಕ್ಸೆಲ್ ಅನ್ನುವುದು ಯಾವುದೋ ಒಂದು ಫಾಂಟಿನಲ್ಲಿ, ಯಾವುದೋ ಒಂದು ಅಗಲದಲ್ಲಿ ನಿಜ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಫಾಂಟ್ ಬೇರೆ ಬಂದರೆ ಆ ಲೆಕ್ಕ ತಪ್ಪುತ್ತದೆ.

ನಿಮಗೆ ಸರಿಯಾದ ದಾರಿ ಟಿಹೆಡ್‌ಗೇ ಸ್ಟಿಕಿ, ಟಾಪ್ 0 ಕೊಡುವುದು. ಮೊದಲ ಉತ್ತರದಲ್ಲಿ ಹೇಳಿದ ಹಾಗೆ 2021ರಿಂದ ಕ್ರೋಮ್‌ನಲ್ಲೂ ನಡೆಯುತ್ತದೆ. ಎರಡೂ ಅಂತಸ್ತು ಒಂದೇ ಗಂಟಾಗಿ ನಿಲ್ಲುತ್ತವೆ, ಯಾವುದು ಎಷ್ಟು ಎತ್ತರ ಅಂತ ನೀವು ಅಳೆಯಬೇಕಿಲ್ಲ. ಟಿಎಚ್‌ಗಳ ಮೇಲೆ ಬರೆದಿರುವ ಸ್ಟಿಕಿಯನ್ನು ತೆಗೆದುಹಾಕಿ, ಬಣ್ಣ ಮಾತ್ರ ಬಿಡಿ. ಹೆಡಿಂಗ್ ಮನೆಗೆ ಹೈಟ್ ಅಂತ ಗಟ್ಟಿ ಅಂಕಿ ಎಲ್ಲೂ ಬರೆಯಬೇಡಿ. ಲೈನ್-ಹೈಟ್ 1.5 ಇಟ್ಟು, ಮೇಲೆ ಕೆಳಗೆ ಪ್ಯಾಡಿಂಗ್ ಕೊಟ್ಟು ಬಿಟ್ಟರೆ ಒತ್ತುಗಳು ಕತ್ತರಿಸಿಹೋಗುವುದಿಲ್ಲ. ಮೇಲಿನ ‘ವಾರ್ಷಿಕ ಶುಲ್ಕ’ ಮೂರು ಕಾಲಮ್ಮಿಗೆ ಹರಡಿದೆ ಅಲ್ವಾ, ಅದಕ್ಕೆ ಸ್ಕೋಪ್ (ಯಾವ ಕಾಲಮ್ಮುಗಳ ಹೆಡಿಂಗ್ ಅನ್ನುವ) ಗುಣದಲ್ಲಿ ಕಾಲ್‌ಗ್ರೂಪ್ ಅಂತ ಬರೆಯಿರಿ, ಉಳಿದವಕ್ಕೆ ಕಾಲ್. ಯಾಕೆ ಅಂತ ಮುಂದೆ ಇನ್ನೊಂದು ಉತ್ತರದಲ್ಲಿ ಬರುತ್ತದೆ.

ಇನ್ನೊಂದು ಮಾತು. ಸದಸ್ಯರು ಫೋನನ್ನು ಅಡ್ಡ ಹಿಡಿದು ನೋಡಿದರೆ ಎರಡು ಅಂತಸ್ತಿನ ಹೆಡಿಂಗೇ ಅರ್ಧ ಪರದೆ ತಿಂದುಬಿಡುತ್ತದೆ, ನಾಲ್ಕು ಹೆಸರು ಕಾಣುವುದೂ ಕಷ್ಟ. ಪರದೆಯ ಎತ್ತರ 400 ಪಿಕ್ಸೆಲ್‌ಗಿಂತ ಕಡಿಮೆ ಇದ್ದಾಗ ಪೊಸಿಷನ್ ಸ್ಟ್ಯಾಟಿಕ್ ಅಂತ ಒಂದು ಮೀಡಿಯಾ ಕ್ವೆರಿ (ಸಿಎಸ್ಎಸ್ ಷರತ್ತು) ಹಾಕಿ. ಕಂಪ್ಯೂಟರಿನಲ್ಲಿ ತುಂಬಾ ಜೂಮ್ ಮಾಡಿ ಓದುವ ಹಿರಿಯರಿಗೂ ಇದರಿಂದ ಅನುಕೂಲ, ಯಾಕಂದರೆ ಜೂಮ್ ಮಾಡಿದಾಗ ಬ್ರೌಸರಿನ ಲೆಕ್ಕದಲ್ಲಿ ಪರದೆ ಚಿಕ್ಕದಾಗುತ್ತದೆ.

ಪ್ರಶ್ನೆ: ಹೆಡಿಂಗ್ ಚೆನ್ನಾಗಿ ನಿಲ್ಲುತ್ತದೆ, ಆದರೆ ಸ್ಕ್ರೋಲ್ ಮಾಡಿದ ಕೂಡಲೇ ಅದರ ಕೆಳಗಿನ ಗೆರೆ ಮಾಯ. ಜೊತೆಗೆ ಎಡಗಡೆಯ ಹೆಸರಿನ ಕಾಲಮ್ಮನ್ನೂ ನಿಲ್ಲಿಸಬೇಕು. ಆಗುತ್ತಾ?
— ಓದುಗರು, ಠಾಣೆ

ಉತ್ತರ: ಗೆರೆ ಮಾಯವಾಗುವುದು ಬಾರ್ಡರ್-ಕೊಲ್ಯಾಪ್ಸ್ ಗುಣದಿಂದ. ಅದಕ್ಕೆ ಕೊಲ್ಯಾಪ್ಸ್ ಅಂತ ಕೊಟ್ಟಾಗ ಗೆರೆಗಳು ಆಯಾ ಮನೆಗೆ ಸೇರಿದ್ದಾಗಿ ಉಳಿಯುವುದಿಲ್ಲ, ಪಕ್ಕದವರ ಜೊತೆ ಹಂಚಿಕೊಂಡ ಟೇಬಲ್ಲಿನ ಆಸ್ತಿಯಾಗುತ್ತವೆ. ಮನೆ ನಿಂತರೂ ಗೆರೆ ಟೇಬಲ್ಲಿನ ಜೊತೆ ಹೋಗುತ್ತದೆ. ಸೆಪರೇಟ್ ಅಂತ ಬದಲಿಸಿ, ಬಾರ್ಡರ್-ಸ್ಪೇಸಿಂಗ್ 0 ಮಾಡಿ, ಪ್ರತಿ ಮನೆಗೆ ಕೆಳಗಿನ ಮತ್ತು ಬಲಗಡೆಯ ಗೆರೆ ಮಾತ್ರ ಕೊಡಿ. ನಾಲ್ಕೂ ಕಡೆ ಕೊಟ್ಟರೆ ಗೆರೆ ಎರಡೆರಡು ಬಂದು ದಪ್ಪ ಕಾಣುತ್ತದೆ.

ಎಡಗಡೆ ಕಾಲಮ್ಮಿಗೆ ಸ್ಟಿಕಿ ಜೊತೆ ಲೆಫ್ಟ್: 0. ಇದಕ್ಕೂ ಬಣ್ಣ ಬೇಕು. ಒಂದು ಬಿಟ್ಟು ಒಂದು ಸಾಲಿಗೆ ಬೇರೆ ಬಣ್ಣ ಇಟ್ಟಿದ್ದರೆ ಈ ಕಾಲಮ್ಮಿನ ಬ್ಯಾಕ್‌ಗ್ರೌಂಡ್‌ಗೆ ಇನ್ಹೆರಿಟ್ ಬರೆಯಿರಿ, ಸಾಲಿನ ಬಣ್ಣವನ್ನೇ ಅದು ತೆಗೆದುಕೊಳ್ಳುತ್ತದೆ, ಆದರೆ ಎರಡೂ ಬಗೆಯ ಸಾಲಿಗೆ ಬಣ್ಣ ಬರೆದಿರಬೇಕು. ಈಗ ಮೂಲೆಯ ಮನೆ. ಅದು ಮೇಲಕ್ಕೂ ಅಂಟಬೇಕು, ಎಡಕ್ಕೂ ಅಂಟಬೇಕು, ಎಲ್ಲರಿಗಿಂತ ಮೇಲೆಯೂ ಇರಬೇಕು. ಯಾವುದು ಯಾವುದರ ಮೇಲೆ ಅಂತ ಹೇಳುವ ಝಡ್-ಇಂಡೆಕ್ಸ್‌ನಲ್ಲಿ ಹೆಸರಿನ ಕಾಲಮ್ಮಿಗೆ 1, ಹೆಡಿಂಗಿಗೆ 2, ಮೂಲೆಗೆ 3 ಕೊಟ್ಟರೆ ಸಾಕು. ಸಾವಿರ, ಒಂಬತ್ತು ಸಾವಿರ ಅಂತ ಬರೆಯುವವರನ್ನು ನೋಡಿದ್ದೇನೆ, ನಾಳೆ ಪಾಪ್ಅಪ್ ತೆರೆದಾಗ ಅದರ ಮೇಲೂ ಈ ಹೆಡಿಂಗ್ ಬಂದು ಕೂರುತ್ತದೆ.

ಪ್ರಶ್ನೆ: ನನಗೆ ಕೋಡಿಂಗ್ ಬರುವುದಿಲ್ಲ. ಬಂದರಿನ ಹತ್ತಿರ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಕ್ಲರ್ಕ್. ಕಂಟೇನರ್ ಪಟ್ಟಿ ಎಕ್ಸೆಲ್‌ನಲ್ಲೂ ಇರುತ್ತದೆ, ಕಚೇರಿಯ ವೆಬ್ ಆ್ಯಪಿನಲ್ಲೂ ಇರುತ್ತದೆ. ಎರಡರಲ್ಲೂ ಹೆಡಿಂಗ್ ಹೋಗಿಬಿಡುತ್ತದೆ. ನಾನೇನು ಮಾಡಬಹುದು?
— ಓದುಗರು, ವಾಸ್ಕೋ

ಉತ್ತರ: ಎಕ್ಸೆಲ್‌ನಲ್ಲಿ ವ್ಯೂ ಮೆನುಗೆ ಹೋಗಿ ಫ್ರೀಜ್ ಪೇನ್ಸ್, ಅದರಲ್ಲಿ ಫ್ರೀಜ್ ಟಾಪ್ ರೋ. ಒತ್ತುವ ಮೊದಲು ಹಾಳೆಯ ತೀರಾ ಮೇಲಕ್ಕೆ ಹೋಗಿ ಬನ್ನಿ, ಯಾಕಂದರೆ ಅದು ಆಗ ಪರದೆಯಲ್ಲಿ ಮೊದಲು ಕಾಣುವ ಸಾಲನ್ನು ಹಿಡಿದು ನಿಲ್ಲಿಸುತ್ತದೆ. ಐವತ್ತನೇ ಸಾಲು ಮೇಲೆ ಕಾಣುವಾಗ ಒತ್ತಿದರೆ ಐವತ್ತೇ ನಿಂತುಬಿಡುತ್ತದೆ, ಅದರ ಮೇಲಿನವು ನೋಡಲಿಕ್ಕೇ ಸಿಗುವುದಿಲ್ಲ. ಕಂಟೇನರ್ ನಂಬರಿನ ಕಾಲಮ್ ಕೂಡ ನಿಲ್ಲಬೇಕು ಅಂದರೆ ಬಿ2 ಮನೆಯ ಮೇಲೆ ಕ್ಲಿಕ್ ಮಾಡಿ ಫ್ರೀಜ್ ಪೇನ್ಸ್ ಒತ್ತಿ. ಗೂಗಲ್ ಶೀಟ್ಸ್‌ನಲ್ಲೂ ವ್ಯೂ, ಫ್ರೀಜ್, ಒಂದು ಸಾಲು.

ವೆಬ್ ಆ್ಯಪಿನದ್ದು ಮಾಡಿದವರೇ ಸರಿಮಾಡಬೇಕು. ಅಲ್ಲಿಯವರೆಗೆ ಟೇಬಲ್ ಪೂರ್ತಿ ಆರಿಸಿ ಕಾಪಿ ಮಾಡಿ ಎಕ್ಸೆಲ್‌ಗೆ ಪೇಸ್ಟ್ ಮಾಡಿ ನೋಡಿ, ಬಹಳ ಸಲ ಕಾಲಂ ಕಾಲಮ್ಮಾಗಿಯೇ ಬಂದು ಕೂರುತ್ತದೆ. ಮತ್ತೆ ದಯವಿಟ್ಟು ಮೇಲಿನವರಿಗೆ ಬರೆದು ಹೇಳಿ. ‘ಹೆಡಿಂಗ್ ಕಾಣುವುದಿಲ್ಲ’ ಅನ್ನುವುದರ ಬದಲು ‘ಒಟ್ಟು ತೂಕ, ನಿವ್ವಳ ತೂಕ ಎರಡು ಕಾಲಂ ಪಕ್ಕಪಕ್ಕ ಇವೆ, ಹೆಡಿಂಗ್ ಇಲ್ಲದೆ ಅದಲುಬದಲಾಗುತ್ತದೆ’ ಅಂತ ಬರೆಯಿರಿ. ಮಾಡುವವರಿಗೆ ಆಗ ಅರ್ಥವಾಗುತ್ತದೆ.

ಪ್ರಶ್ನೆ: ಹಿಂದಿನ ಡೆವಲಪರ್ ಹೆಡಿಂಗಿಗೆ ಒಂದು ಟೇಬಲ್, ಡೇಟಾಗೆ ಇನ್ನೊಂದು ಟೇಬಲ್ ಮಾಡಿ ಮೇಲೆ ಕೆಳಗೆ ಇಟ್ಟು ಹೋಗಿದ್ದಾರೆ. ನನ್ನ ಮ್ಯಾಕ್‌ನಲ್ಲಿ ಸರಿ ಕಾಣುತ್ತದೆ. ಗ್ರಾಹಕರ ವಿಂಡೋಸ್‌ನಲ್ಲಿ ಕಾಲಂ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಪೂರ್ತಿ ಕಿತ್ತು ಬರೆಯಬೇಕಾ, ತೇಪೆ ಹಾಕಿದರೆ ಸಾಕಾ?
— ಓದುಗರು, ಅಂಧೇರಿ

ಉತ್ತರ: ಕಿತ್ತು ಬರೆಯಿರಿ.

ಸರಿಯುವುದು ಯಾಕೆ ಅಂದರೆ, ವಿಂಡೋಸ್‌ನಲ್ಲಿ ಸ್ಕ್ರೋಲ್ ಪಟ್ಟಿ ಸುಮಾರು 15ರಿಂದ 17 ಪಿಕ್ಸೆಲ್ ಜಾಗ ತೆಗೆದುಕೊಳ್ಳುತ್ತದೆ. ಅದು ಕೆಳಗಿನ ಟೇಬಲ್ಲಿಗೆ ಮಾತ್ರ ಇದೆ, ಹಾಗಾಗಿ ಕೆಳಗಿನದು ಅಷ್ಟು ಕಿರಿದು. ಟ್ರ್ಯಾಕ್‌ಪ್ಯಾಡ್ ಇರುವ ಮ್ಯಾಕ್‌ನಲ್ಲಿ ಆ ಪಟ್ಟಿ ಡೇಟಾದ ಮೇಲೆ ತೇಲಿ ಮಾಯವಾಗುತ್ತದೆ, ಜಾಗ ತಿನ್ನುವುದಿಲ್ಲ. ನಿಮಗೆ ಕಾಣದಿದ್ದದ್ದು ಅದಕ್ಕೇ. 17 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟು ಮುಚ್ಚಬಹುದು, ಆದರೆ ನಾಳೆ ಒಂದು ಮನೆಯಲ್ಲಿ ಉದ್ದನೆ ಹೆಸರು ಬಂದು ಕಾಲಂ ಹಿಗ್ಗಿದರೆ ಮೇಲಿನ ಟೇಬಲ್ಲಿಗೆ ಅದು ಗೊತ್ತೇ ಆಗುವುದಿಲ್ಲ. ಹೋಟೆಲಿನ ಆ ಕಾಗದದ ಪಟ್ಟಿಗೂ ಇದೇ ಆಗಿತ್ತು. ಅವರು ಯಾವುದೋ ದಿನ ಬ್ರೌಸರ್ ಜೂಮ್ ಬದಲಿಸಿದರು, ಪಟ್ಟಿಯ ಮೇಲಿನ ‘ಎಸ್‌ಜಿಎಸ್‌ಟಿ’ ಕೆಳಗೆ ಐಜಿಎಸ್‌ಟಿ ಬಂದು ನಿಂತಿತು. ಹೆಡಿಂಗ್ ಇಲ್ಲದೇ ಇರುವುದಕ್ಕಿಂತ ಇದು ಕೆಟ್ಟದ್ದು, ಯಾಕಂದರೆ ಹೆಡಿಂಗ್ ಇಲ್ಲದಿದ್ದರೆ ಮೇಲೆ ಹೋಗಿ ನೋಡಿ ಬರುತ್ತಾರೆ, ತಪ್ಪು ಹೆಡಿಂಗ್ ಇದ್ದರೆ ನಂಬುತ್ತಾರೆ.

ಕಣ್ಣು ಕಾಣದವರ ಮಾತು ಇನ್ನೂ ಮುಖ್ಯ. ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು, ಕಂಟ್ರೋಲ್ ಮತ್ತು ಆಲ್ಟ್ ಜೊತೆ ಬಾಣದ ಕೀ ಒತ್ತಿ ಟೇಬಲ್ಲಿನಲ್ಲಿ ಓಡಾಡಿ ನೋಡಿ. ಒಂದೇ ಟೇಬಲ್ ಇದ್ದು ಟಿಎಚ್‌ಗೆ ಸ್ಕೋಪ್ ಇದ್ದರೆ, ಕಾಲಂ ಬದಲಾದಾಗೆಲ್ಲ ಅದರ ಹೆಸರನ್ನು ಮೊದಲು ಹೇಳಿ ಆಮೇಲೆ ಅಂಕಿ ಓದುತ್ತದೆ. ಎರಡು ಟೇಬಲ್ ಇದ್ದರೆ ಬರೀ ಅಂಕಿ. 4,250. 106. 106. ಏನು ಅರ್ಥ ಮಾಡಿಕೊಳ್ಳಬೇಕು ಹೇಳಿ? ಒಂದು ಸಲ ಮಾನಿಟರ್ ಆಫ್ ಮಾಡಿ, ಕಿವಿಯಲ್ಲಿ ಮಾತ್ರ ಹತ್ತು ಸಾಲು ಕೇಳಿ. ನಾನು ಹಾಗೆ ಮಾಡಿದ ದಿನದಿಂದ ಎರಡು ಟೇಬಲ್ಲಿನ ಉಪಾಯವನ್ನು ಯಾರಿಗೂ ಹೇಳಿಲ್ಲ.

ಹಿಂದಿನ ಡೆವಲಪರನ್ನು ಬೈಯಬೇಡಿ. 1997ರ ಎಚ್‌ಟಿಎಂಎಲ್ 4ರಲ್ಲೇ ಟಿಹೆಡ್, ಟಿಬಾಡಿ ಬೇರೆ ಬೇರೆ ಮಾಡಿದ್ದರ ಉದ್ದೇಶ, ತಲೆ ನಿಂತು ಮೈ ಮಾತ್ರ ಸ್ಕ್ರೋಲ್ ಆಗಲು ಬ್ರೌಸರಿಗೆ ಅವಕಾಶ ಇರಲಿ ಅನ್ನುವುದು, ಹಾಗಂತ ಅದರಲ್ಲಿ ಬರೆದೇ ಇತ್ತು. ಬ್ರೌಸರ್‌ಗಳು ಅದನ್ನು ಕೈಗೆ ಕೊಡುವುದಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡವು. ಫೈರ್‌ಫಾಕ್ಸ್‌ನಲ್ಲಿ ಸ್ಟಿಕಿ 2014ರಲ್ಲಿ ಬಂತು, ಕ್ರೋಮ್‌ನಲ್ಲಿ 2017. ಅಲ್ಲಿಯವರೆಗೆ ಜನ ಎರಡು ಟೇಬಲ್ ಮಾಡಿದರು, ಟಿಬಾಡಿಯನ್ನು ಬ್ಲಾಕ್ ಮಾಡಿ ಕಾಲಂ ಮುರಿದುಕೊಂಡರು, ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಹೆಡಿಂಗಿನ ನಕಲು ಮಾಡಿ ತೇಲಿಸಿದರು. ಬೇರೆ ದಾರಿ ಇರಲಿಲ್ಲ. ಈಗ ಇದೆ.

ಪ್ರಶ್ನೆ: ನಾವು ಟೇಬಲ್ಲಿನ ಒಳಗೇ ಅಂಕಿ ಟೈಪ್ ಮಾಡುತ್ತೇವೆ. ಶಿಫ್ಟ್ ಟ್ಯಾಬ್ ಒತ್ತಿ ಹಿಂದಕ್ಕೆ ಹೋದರೆ ಕರ್ಸರ್ ಹೆಡಿಂಗಿನ ಹಿಂದೆ ಅಡಗುತ್ತದೆ, ಏನು ಟೈಪ್ ಮಾಡುತ್ತಿದ್ದೇವೆ ಅಂತ ಕಾಣುವುದಿಲ್ಲ.
— ಓದುಗರು, ಡೊಂಬಿವಲಿ

ಉತ್ತರ: ಸ್ಕ್ರೋಲ್ ಆಗುವ ಪೆಟ್ಟಿಗೆಗೆ ಸ್ಕ್ರೋಲ್-ಪ್ಯಾಡಿಂಗ್-ಟಾಪ್ ಅನ್ನುವ ಗುಣ ಕೊಡಿ, ಬೆಲೆ ಹೆಡಿಂಗಿನ ಎತ್ತರಕ್ಕಿಂತ ಸ್ವಲ್ಪ ಜಾಸ್ತಿ. ಇಡೀ ಪುಟವೇ ಸ್ಕ್ರೋಲ್ ಆಗುವುದಾದರೆ ಎಚ್‌ಟಿಎಂಎಲ್ ಟ್ಯಾಗಿಗೆ. ಆಗ ಬ್ರೌಸರ್ ಆ ಮನೆಯನ್ನು ಹೆಡಿಂಗಿನ ಕೆಳಗೆ ತಂದು ನಿಲ್ಲಿಸುತ್ತದೆ. ಎಡ ಕಾಲಂ ಕೂಡ ನಿಂತಿದ್ದರೆ ಸ್ಕ್ರೋಲ್-ಪ್ಯಾಡಿಂಗ್-ಲೆಫ್ಟ್ ಕೂಡ ಬೇಕು. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2ರಲ್ಲಿ (ವೆಬ್ ಎಲ್ಲರಿಗೂ ಬಳಸಲಿಕ್ಕಾಗಬೇಕು ಅನ್ನುವ ಮಾರ್ಗಸೂಚಿ) ಇದೇ ಒಂದು ನಿಯಮ, 2.4.11. ಕೀಬೋರ್ಡಿನ ಫೋಕಸ್ ಇರುವ ಭಾಗ ಬೇರೆ ಯಾವುದರ ಹಿಂದೆಯೂ ಪೂರ್ತಿ ಅಡಗಬಾರದು. ಕೀಬೋರ್ಡಿನಲ್ಲೇ ಇಡೀ ದಿನ ಕೆಲಸ ಮಾಡುವ ನಿಮ್ಮಂಥವರಿಗೆ ಇದು ಸೌಕರ್ಯದ ಮಾತಲ್ಲ, ಕೆಲಸದ ಮಾತು.

ಪ್ರಶ್ನೆ: ಪರದೆಯಲ್ಲಿ ಸರಿ ಇದೆ. ಆಡಿಟರ್‌ಗೆ ಪ್ರಿಂಟ್ ಕೊಡುವಾಗ ಮೊದಲ ಪುಟ ಮಾತ್ರ ಬರುತ್ತದೆ, ಅದೂ ಅರ್ಧಕ್ಕೇ ಕತ್ತರಿಸಿ.
— ಓದುಗರು, ಮಡಗಾಂವ್

ಉತ್ತರ: ನೀವು ಪೆಟ್ಟಿಗೆಗೆ ಮ್ಯಾಕ್ಸ್-ಹೈಟ್ ಕೊಟ್ಟಿದ್ದೀರಿ. ಕಾಗದದ ಮೇಲೆ ಸ್ಕ್ರೋಲ್ ಮಾಡಲಾಗದು, ಹಾಗಾಗಿ ಪೆಟ್ಟಿಗೆಯೊಳಗೆ ಆ ಹೊತ್ತಿಗೆ ಕಾಣುತ್ತಿದ್ದದ್ದು ಮಾತ್ರ ಅಚ್ಚಾಗುತ್ತದೆ. ಪ್ರಿಂಟಿನ ಮೀಡಿಯಾ ಕ್ವೆರಿಯಲ್ಲಿ ಪೆಟ್ಟಿಗೆಗೆ ಮ್ಯಾಕ್ಸ್-ಹೈಟ್: ‘ನನ್’ (ಮಿತಿ ಇಲ್ಲ), ಓವರ್‌ಫ್ಲೋ ವಿಸಿಬಲ್ ಬರೆಯಿರಿ, ಹೆಡಿಂಗಿಗೆ ಪೊಸಿಷನ್ ಸ್ಟ್ಯಾಟಿಕ್. ಹೆಡಿಂಗ್ ಟಿಹೆಡ್‌ನೊಳಗೆ ಇದ್ದರೆ ಬ್ರೌಸರ್ ಅದನ್ನು ಪ್ರತಿ ಪುಟದ ಮೇಲೂ ತಾನೇ ಮತ್ತೆ ಹಾಕುತ್ತದೆ, ಹಳೇ ಲೆಡ್ಜರಿನಲ್ಲಿ ಹಾಳೆ ತಿರುಗಿಸಿದಾಗೆಲ್ಲ ಜಮಾ, ಖರ್ಚು, ಬಾಕಿ ಅಂತ ಮತ್ತೆ ಬರೆಯುತ್ತಿದ್ದರಲ್ಲ, ಹಾಗೇ. ಒಂದು ಸಾಲು ಎರಡು ಪುಟಕ್ಕೆ ಸೀಳಿಹೋಗಬಾರದು ಅಂತಿದ್ದರೆ ಟಿಆರ್‌ಗೆ ಬ್ರೇಕ್-ಇನ್‌ಸೈಡ್: ಅವಾಯ್ಡ್ ಸೇರಿಸಿ. ಕಾಗದ ಖರ್ಚು ಮಾಡುವ ಮೊದಲು ಒಂದು ಸಲ ಪಿಡಿಎಫ್‌ಗೆ ಪ್ರಿಂಟ್ ಕೊಟ್ಟು ಎರಡನೇ ಪುಟ ತೆರೆದು ನೋಡಿ. ಅಲ್ಲಿ ಹೆಡಿಂಗ್ ಬಂದಿದ್ದರೆ ಉಳಿದ ಪುಟಗಳಲ್ಲೂ ಬಂದಿರುತ್ತದೆ.